ರಜಾಯಿ ಹೊದ್ದ ಲಾರಿ

ನಮ್‌ಗೋಲ್ ಹಳ್ಳಿ, ದುಮನ್ ನದಿಯ ದಡ
2012ರ ಮಾರ್ಚ್ 9, ಶುಕ್ರವಾರ

ಪ್ರೀತಿಯ ಸೋದರಳಿಯ ಸೊಂಗ್‌ಹಾಕ್‌ಗೆ,

ಪ್ರೀತಿಯ ಎಂದು ಬರೆದದ್ದು ಕೈಯ ಅಭ್ಯಾಸ. ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು, ಮೊದಲನೇ ಸಾಲಿನಲ್ಲೇ ಹಾಳೆ ಕೊಳಕಾಗುವುದು ಬೇಡ ಎಂದು ಹಾಗೇ ಬಿಟ್ಟಿದ್ದೇನೆ. ಹೇಗಿದ್ದೀಯ? ಅಕ್ಕನ ಮಂಡಿನೋವು ಹೇಗಿದೆ? ಹೊಸವರ್ಷಕ್ಕೆ ಬಂದಾಗ, ಯಂಜಿ ಪಟ್ಟಣದ ನಿಮ್ಮ ಐದನೇ ಮಹಡಿಯ ಮನೆಯಲ್ಲಿ ನೆಲ ಸರಿಯಾಗಿ ಕಾಯುವುದೇ ಇಲ್ಲ, ಕಾಲು ಸೆಳೆಯುತ್ತದೆ ಎನ್ನುತ್ತಿದ್ದಳು. ಇಲ್ಲಿ ನಮ್ಮ ಮನೆಯಲ್ಲಿ ಒಲೆಯ ಬಿಸಿ ಹೊಗೆ ನೆಲದ ಅಡಿಯಲ್ಲೇ ಹಾಯುತ್ತದೆ, ನೆಲ ಮೊಟ್ಟೆ ಬೇಯುವಷ್ಟು ಬಿಸಿ ಇರುತ್ತದೆ. ತಮ್ಮನ ಮನೆಗೆ ಬಂದು ಒಂದು ತಿಂಗಳು ಬೆನ್ನು ಊರಿ ಮಲಗಿದರೆ ಮಂಡಿ ತಾನಾಗಿ ಮಡಚುತ್ತದೆ ಎಂದು ಹೇಳು. ನಾನು ಕಳಿಸಿದ ಒಣಮೀನು ತಲುಪಿತೇ? ಅದರ ತಲೆಗಳನ್ನು ಎಸೆಯಬೇಡಿ, ಮೂಲಂಗಿ ಹಾಕಿ ಸಾರು ಮಾಡಿ. ನಾನು ಗಟ್ಟಿಯಾಗಿದ್ದೇನೆ. ಈ ದಡದ ಹದಿನೆಂಟು ಡ್ರೈವರುಗಳಲ್ಲಿ ಐವತ್ತೆಂಟರ ವಯಸ್ಸಿಗೆ ಕನ್ನಡಕವಿಲ್ಲದೆ, ಎಲ್ಲ ಹಲ್ಲೂ ಸ್ವಂತದ್ದಾಗಿ, ಮಂಜುಗಡ್ಡೆಯ ಮೇಲೆ ಟಿಪ್ಪರ್ ಲಾರಿಯನ್ನು ಹಿಮ್ಮುಖವಾಗಿ ಒಂದು ಗೆರೆಯ ಮೇಲೆ ಓಡಿಸುವವನು ನಾನೊಬ್ಬನೇ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳು. ನಿನ್ನ ಅತ್ತೆಯನ್ನು ಮಾತ್ರ ಕೇಳಬೇಡ.

ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ, ಮೊನ್ನೆ ಫೋನಿನಲ್ಲಿ ನಾನು ಸ್ವಲ್ಪ ದನಿ ಏರಿಸಿದ್ದೇ ತಡ, “ಮಾವ, ಮೀಟಿಂಗ್ ಇದೆ” ಎಂದು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಇಡುವುದಕ್ಕೆ ಬರುವುದಿಲ್ಲ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ನಾಲ್ಕು ವರ್ಷ, ಅದರಲ್ಲೂ ಒಂದು ವರ್ಷ ಮೇಷ್ಟರ ಹಂದಿಗೆ ಹುಲ್ಲು ಕೊಯ್ದದ್ದೇ ಹೆಚ್ಚು. ಆದರೂ ನನ್ನ ಅಕ್ಷರ ನಿನಗಿಂತ ದುಂಡಗಿದೆ. ಈ ಕಾಗದವನ್ನು ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ನೀನು ಕೊನೆಯ ಸಾಲು ಓದುವವರೆಗೆ ಎದುರಿಗೆ ನಿಂತಿರಬೇಕು ಎಂದು ಅವನಿಗೆ ಹೇಳಿದ್ದೇನೆ. ಅವನು ನಿಲ್ಲುತ್ತಾನೆ. ಹೋದ ವರ್ಷ ಅವನ ಬಸ್ಸು ಚರಂಡಿಗೆ ಇಳಿದಾಗ ಎಳೆದು ಹಾಕಿದವನು ನಾನು.

ಫೆಬ್ರವರಿಯಲ್ಲಿ ನೀನು ಆಚೆ ದಡದ ದೇಶದ ಗಣಿಯವರಿಗೆ ಒಂದು ಪತ್ರ ಬರೆದೆಯಲ್ಲ, ಅದರ ವಿಷಯಕ್ಕೇ ಬರುತ್ತೇನೆ. ಅದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ, ನಿನ್ನ ಸಹಿ, ಅದರ ಮೇಲೆ ನಿಮ್ಮ ಕಂಪನಿಯ ದುಂಡನೆಯ ಕೆಂಪು ಮೊಹರು. ನವೆಂಬರಿನಿಂದ ಗಣಿಯವರು ತೂಗಿ ಕೊಟ್ಟ ಕಬ್ಬಿಣದ ಅದಿರಿಗೂ ಈಚೆ ನಮ್ಮ ಕಂಪನಿಯ ಅಂಗಳದಲ್ಲಿ ಇಳಿದ ಅದಿರಿಗೂ ಐನೂರು ಟನ್ ವ್ಯತ್ಯಾಸ ಬಂದಿದೆ, ಕಳವಾಗಿರುವ ಸಂಭವವಿದೆ, ತೂಕದ ಸಿಬ್ಬಂದಿಯನ್ನು ವಿಚಾರಣೆ ಮಾಡಿ ಕೊರತೆಯ ಅದಿರನ್ನು ಉಚಿತವಾಗಿ ತುಂಬಿಕೊಡತಕ್ಕದ್ದು ಎಂದು. ಬಹಳ ಚೆನ್ನಾಗಿ ಬರೆದಿದ್ದೀಯ, ಒಂದು ತಪ್ಪಕ್ಷರವಿಲ್ಲ. ತೂಕದ ಸಿಬ್ಬಂದಿ ಎಂದೆಯಲ್ಲ, ಅಲ್ಲಿ ಎಷ್ಟು ಜನ ಸಿಬ್ಬಂದಿ ಇದ್ದಾರೆ ಗೊತ್ತೇನು? ಒಬ್ಬಳು. ಅವಳ ಹೆಸರು ಉನ್‌ಸಿಮ್.

ನಿನಗೆ ಅವಳು ಪರಿಚಯವಿಲ್ಲ, ಪರಿಚಯವಿದ್ದಿದ್ದರೆ ಆ ಪದ ಬರೆಯುತ್ತಿರಲಿಲ್ಲ ಎಂದುಕೊಂಡಿದ್ದೇನೆ. ವಯಸ್ಸು ನಲವತ್ತಮೂರು. ಗಂಡ ಗಣಿಯಲ್ಲೇ ತೀರಿಕೊಂಡ, ಅತ್ತೆಯೂ ಒಬ್ಬ ಮಗಳೂ ಇದ್ದಾರೆ. ಹನ್ನೊಂದು ವರ್ಷದಿಂದ ಗಣಿಯ ಬಾಗಿಲ ಹತ್ತಿರದ ಹಲಗೆಯ ಗೂಡಿನಲ್ಲಿ ಕೂತು ನಮ್ಮ ಲಾರಿಗಳನ್ನು ತೂಗುತ್ತಾಳೆ. ಕೈಗವಸಿನ ಬೆರಳುಗಳನ್ನು ಕತ್ತರಿಸಿಕೊಂಡಿದ್ದಾಳೆ, ತೂಕದ ಬಟ್ಟನ್ನು ತಕ್ಕಡಿಯ ಗೆರೆ ಹಾಕಿದ ಕಬ್ಬಿಣದ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಸರಿಸುವುದಕ್ಕೆ ಬರಿಬೆರಳೇ ಬೇಕು. ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಬರಿಬೆರಳಲ್ಲಿ ಕಬ್ಬಿಣ ಮುಟ್ಟಿ ನೋಡು, ಆಮೇಲೆ ಸಿಬ್ಬಂದಿ ಎಂದು ಬರೆ. ಒಂದು ಸಲ ನಾನು ತಮಾಷೆಗೆ ಲಾರಿ ಇಳಿದು ನಾನೊಬ್ಬನೇ ವೇಬ್ರಿಡ್ಜಿನ ಮೇಲೆ ನಿಂತು, “ನೋಡು ತಂಗಿ, ಅಪ್ಪಟ ಕಬ್ಬಿಣ, ಎಷ್ಟು ಬರುತ್ತೆ ಹೇಳು” ಎಂದೆ. ಅವಳು ಕತ್ತೆತ್ತಲೇ ಇಲ್ಲ. “ಡ್ರೈವರಣ್ಣ, ನಿಮ್ದರಲ್ಲಿ ಅರ್ಧಕ್ಕರ್ಧ ಸಾರಾಯಿ. ತೇವಾಂಶ ಅಂತ ಕಳೆದುಬಿಟ್ರೆ ಟೋಪಿ ಒಂದೇ ಉಳಿಯೋದು” ಎಂದಳು. ಸಾಲಿನಲ್ಲಿದ್ದ ಎಲ್ಲ ಡ್ರೈವರುಗಳೂ ನಕ್ಕರು. ಆ ದಿನದಿಂದ ನನಗೆ ಅವಳ ಮೇಲೆ ಗೌರವ. ನನ್ನ ಬಾಯಿ ಮುಚ್ಚಿಸಿದವರು ಈ ಭೂಮಿಯ ಮೇಲೆ ಇಬ್ಬರೇ, ಒಬ್ಬಳು ನಿನ್ನ ಅಮ್ಮ.

ಇನ್ನು ಕೇಳು. ಆಚೆಯವರಿಗೆ ಇಡೀ ಲೋಕದಲ್ಲಿ ತೆರೆದಿರುವ ಬಾಗಿಲೆಂದರೆ ಹೆಚ್ಚುಕಡಿಮೆ ನಮ್ಮ ಈ ಸೇತುವೆ. ಅವರಿಗೆ ಸಮುದ್ರ ಇದೆ, ಆದರೆ ಹಡಗು ತರುವವರಿಲ್ಲ. ಮಾರಿದರೆ ನಮಗೆ ಮಾರಬೇಕು, ಇಲ್ಲವೆಂದರೆ ಬೆಟ್ಟವನ್ನು ನೋಡುತ್ತ ಕೂರಬೇಕು. ಅವರ ಅದಿರಿನ ಪುಡಿ ನಮ್ಮ ಉಕ್ಕಿನ ಕುಲುಮೆಗೆ ಬರುತ್ತದೆ, ನಮ್ಮಿಂದ ಡೀಸೆಲ್ ಪೀಪಾಯಿ, ಮೆಕ್ಕೆಜೋಳ, ಹಳೇ ಟಯರು ಹೋಗುತ್ತವೆ. ನಮ್ಮ ಡೀಸೆಲ್ ಒಂದು ವಾರ ತಡವಾದರೆ ಅವರ ಕಲ್ಲುಪುಡಿ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಜೋಳ ನಿಲ್ಲುತ್ತದೆ. ಇದು ನಿಮ್ಮ ಮ್ಯಾನೇಜರ್ ಫಾಂಗ್‌ಗೆ ಚೆನ್ನಾಗಿ ಗೊತ್ತು, ಬೆಲೆ ಮಾತಾಡುವ ವಾರವೇ ಯಾಕೆ ಪ್ರತಿಸಲ ಡೀಸೆಲ್ ಲಾರಿ ಕೆಡುತ್ತದೆ ಎಂದು ಅವನನ್ನು ಕೇಳು. ಬೆಲೆ ಹೇಳುವವರು ನಾವು. ಅದಿರಿನಲ್ಲಿ ನೀರೆಷ್ಟು ಎಂದು ತೂಕದಿಂದ ಕಳೆಯುವವರು ನಾವು. ಅದರಲ್ಲಿ ಕಬ್ಬಿಣ ಎಷ್ಟು ಪಾಲು ಎಂದು ಹೇಳುವ ಪ್ರಯೋಗಾಲಯವೂ ನಮ್ಮದೇ. ಅವರದ್ದು ಅಂತ ಉಳಿದಿದ್ದು ಒಂದು ತೂಕ. ನೀನು ಒಂದು ಹಾಳೆಯಲ್ಲಿ ಅದನ್ನೂ ಕಳ್ಳತೂಕ ಮಾಡಿ ಕೈತೊಳೆದುಕೊಂಡೆ.

ಆ ತೂಕ ಹೇಗೆ ನಡೆಯುತ್ತದೆ ಎಂದು ನೋಡಲು ನೀನು ಒಂದು ದಿನವೂ ಬರಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಕಂಪನಿ ಅವರಿಗೆ ದೀಪ ಮಿನುಗುವ ಹೊಸ ತೂಕದ ಯಂತ್ರ ಕೊಟ್ಟಿತು, ಫೋಟೋ ತೆಗೆಸಿಕೊಂಡಿತು. ಕರೆಂಟು ಇರುವ ದಿನ ಅದು ನಡೆಯುತ್ತದೆ. ಕರೆಂಟು ಇರುವ ದಿನವನ್ನು ನಾನು ಇನ್ನೂ ಕಾಣಬೇಕು. ಆದ್ದರಿಂದ ಅವಳು ಹಳೆಯ ಪಟ್ಟಿ ತಕ್ಕಡಿಯಲ್ಲೇ ತೂಗುತ್ತಾಳೆ, ಒಂದು ಲಾರಿಗೆ ಏಳೆಂಟು ನಿಮಿಷ. ಸೇತುವೆಯ ಗೇಟು ನಾಲ್ಕು ಗಂಟೆಗೆ ಮುಚ್ಚುತ್ತದೆ. ಬರುವಾಗ ಖಾಲಿ ಲಾರಿ ಒಂದು ಸಲ, ಹೋಗುವಾಗ ತುಂಬಿದ ಲಾರಿ ಇನ್ನೊಂದು ಸಲ ಎಂದು ತೂಗುತ್ತ ಕೂತರೆ ಅರ್ಧ ಲಾರಿಗಳು ಆಚೆಯೇ ಉಳಿಯುತ್ತವೆ. ಅದಕ್ಕೆ ಖಾಲಿ ಲಾರಿಯನ್ನು ಅಕ್ಟೋಬರಿನಲ್ಲಿ ಒಂದೇ ಸಲ ತೂಗಿ, ಆ ಅಂಕಿಯನ್ನೇ ಚಳಿಗಾಲ ಪೂರ್ತಿ ಕಳೆಯುತ್ತಾಳೆ. ಇದು ಅವಳ ಸೋಮಾರಿತನ ಎಂದುಕೊಳ್ಳಬೇಡ. ಹಾಗೆ ಮಾಡಿ, ನಮಗೆ ತಡವಾಗುತ್ತದೆ ಎಂದು ಕೇಳಿಕೊಂಡವನು ನಿಮ್ಮ ಫಾಂಗ್. ನಮ್ಮ ಅಂಗಳದಲ್ಲಿ ಮಾತ್ರ ಒಂದು ಗುಂಡಿ ಒತ್ತಿದರೆ ತೂಕ ಬರುತ್ತದೆ, ಆದ್ದರಿಂದ ನಾವು ಪ್ರತಿ ಸಲವೂ ತುಂಬಿದ್ದನ್ನೂ ಖಾಲಿಯನ್ನೂ ತೂಗುತ್ತೇವೆ.

ಈಗ ಲಾರಿಯ ತೊಟ್ಟಿಗೆ ಬಾ. ಅದಿರಿನ ಪುಡಿ ಗಣಿಯಿಂದ ಒದ್ದೆಯಾಗಿಯೇ ಬರುತ್ತದೆ, ಒದ್ದೆ ಮರಳಿನ ಹಾಗೆ. ಚಳಿಗೆ ತೊಟ್ಟಿಯ ಕಬ್ಬಿಣಕ್ಕೆ ತಾಗಿದ ಅಡಿಪದರ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಜಾಕಿಯಲ್ಲಿ ತೊಟ್ಟಿ ಎತ್ತಿದರೆ ಮೇಲಿನದೆಲ್ಲ ಸುರಿಯುತ್ತದೆ, ಅಡಿಯದು ಸುರಿಯುವುದಿಲ್ಲ. ಮಾರನೆಯ ದಿನ ಅದರ ಮೇಲೆ ಇನ್ನೊಂದು ಪದರ. ನಿನ್ನ ಅಮ್ಮ ಅನ್ನ ಮಾಡಿದಾಗ ಪಾತ್ರೆಯ ಅಡಿಯಲ್ಲಿ ಕೆಂಪಗೆ ಹತ್ತಿಕೊಳ್ಳುತ್ತದಲ್ಲ, ನೀನು ಚಿಕ್ಕವನಿದ್ದಾಗ ಅದನ್ನು ಕೆರೆದು ತಿನ್ನಲು ಜಗಳ ಮಾಡುತ್ತಿದ್ದೆಯಲ್ಲ, ಹಾಗೆಯೇ. ನಾವು ಡ್ರೈವರುಗಳು ಅದನ್ನು ತಳದನ್ನ ಎಂದೇ ಕರೆಯುತ್ತೇವೆ. ಮೊದಲು ಅದು ಹೆಪ್ಪುಗಟ್ಟದಂತೆ ತೊಟ್ಟಿಗೆ ಹಾಸಲು ಕಂಪನಿ ಉಪ್ಪು ಕೊಡುತ್ತಿತ್ತು, ಈ ಸಲ ಡಿಸೆಂಬರಿನಿಂದ ಅದೂ ನಿಂತಿತು. ನಿಂತದ್ದಕ್ಕೆ ನಾವು ಅಳಲಿಲ್ಲ ಅನ್ನು. ಖಾಲಿ ಲಾರಿ ಗಣಿಯ ಏರನ್ನು ಹತ್ತುವಾಗ ಹಿಂದಿನ ಚಕ್ರ ಮಂಜಿನ ಮೇಲೆ ಜಾರುತ್ತದೆ, ಎಡಕ್ಕೆ ನೋಡಿದರೆ ನೇರ ಕಣಿವೆ. ಹಿಂಬದಿಯಲ್ಲಿ ಆರೇಳುನೂರು ಕಿಲೋ ತಳದನ್ನ ಕೂತಿದ್ದರೆ ಲಾರಿ ಚಕ್ರಕ್ಕೆ ಸರಪಳಿ ಸುತ್ತದೆಯೇ ಕುರಿಯ ಹಾಗೆ ಹತ್ತುತ್ತದೆ. ಈ ಉಪಾಯ ಕಂಡುಹಿಡಿದವನು ಯಾರು ಎಂದು ನಾನು ಬರೆಯುವುದಿಲ್ಲ, ಬರೆದರೆ ಜಂಬ ಎನ್ನುತ್ತೀಯ. ಈ ದಾರಿಯಲ್ಲಿ ಆಮೇಲೆ ಒಂದು ಲಾರಿಯೂ ಕಣಿವೆಗೆ ಬಿದ್ದಿಲ್ಲ ಎನ್ನುವುದಷ್ಟೇ ಸಾಕು.

ಈಗ ನಿನ್ನ ಕಾಲೇಜಿನ ತಲೆ ಓಡಿಸು. ಅವಳು ತುಂಬಿದ ಲಾರಿಯಿಂದ ಅಕ್ಟೋಬರಿನ ಬರಿಯ ಲಾರಿಯನ್ನು ಕಳೆಯುತ್ತಾಳೆ, ಹಾಗಾಗಿ ಅದೇ ತಳದನ್ನ ಪ್ರತಿಸಲವೂ ಹೊಸ ಅದಿರಾಗಿ ಅವಳ ತೂಕಕ್ಕೆ ಸೇರುತ್ತದೆ. ನಾವು ಅದೇ ದಿನದ ಖಾಲಿ ಲಾರಿಯನ್ನು ಕಳೆಯುತ್ತೇವೆ, ಹಾಗಾಗಿ ನಮ್ಮ ತೂಕಕ್ಕೆ ಅದು ಸೇರುವುದಿಲ್ಲ. ಅದು ಇಳಿಯುವುದೂ ಇಲ್ಲ, ಕಳೆಯುವುದೂ ಇಲ್ಲ, ನಮ್ಮ ಜೊತೆ ಪಾಸಿಲ್ಲದೆ ದಿನಾ ಗಡಿ ದಾಟುತ್ತ ಓಡಾಡುತ್ತದೆ. ನಿನ್ನ ಐನೂರು ಟನ್ ಎಂದರೆ ಇದೇ. ಅಂಥ ಅದಿರು ಭೂಮಿಯ ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ಇಲ್ಲದ ಅದಿರನ್ನು ಕದ್ದಳು ಎಂದು ನೀನು ಅವಳ ಮೇಲೆ ಮೊಹರು ಒತ್ತಿದೆ. ನಮ್ಮ ಅಂಗಳದ ಚೀಟಿಗಳೆಲ್ಲ ನಿನ್ನ ಮೇಜಿಗೇ ಬರುತ್ತವೆ. ಅದರಲ್ಲಿ ಮೂರು ಕಂಬಸಾಲು, ತುಂಬಿದ ಲಾರಿ, ಖಾಲಿ ಲಾರಿ, ಅದಿರು. ನೀನು ಮೂರನೆಯದನ್ನು ಮಾತ್ರ ನೋಡಿದೆ. ಎರಡನೆಯದನ್ನು ನೋಡಿದ್ದರೆ, ಖಾಲಿ ಲಾರಿ ನವೆಂಬರಿನಿಂದ ಫೆಬ್ರವರಿಗೆ ಬಸುರಿಯ ಹಾಗೆ ತಿಂಗಳು ತಿಂಗಳಿಗೂ ಭಾರವಾಗುತ್ತ ಹೋದದ್ದು ಕಾಣುತ್ತಿತ್ತು. ನಾಲ್ಕನೇ ಕ್ಲಾಸಿನ ನನಗೆ ಕಾಣುವುದು ನಾಲ್ಕು ವರ್ಷ ಕಾಲೇಜು ಓದಿದ ನಿನಗೆ ಯಾಕೆ ಕಾಣಲಿಲ್ಲ? ಹನ್ನೊಂದು ದಿನದಿಂದ ನನ್ನ ತಲೆ ತಿನ್ನುತ್ತಿರುವುದು ಇದೇ ಪ್ರಶ್ನೆ. ಕಾಣದೆ ಬರೆದೆಯೋ, ಕಂಡೂ ಬರೆದೆಯೋ? ಕಾಣದೆ ಬರೆದಿದ್ದರೆ ನೀನು ದಡ್ಡ, ಅದನ್ನು ನಾನು ಸಹಿಸುತ್ತೇನೆ, ನಮ್ಮ ವಂಶದಲ್ಲಿ ದಡ್ಡರು ಹೊಸಬರಲ್ಲ. ಕಂಡೂ ಬರೆದಿದ್ದರೆ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ನದಿಯನ್ನು ತೋರಿಸಿದವನು ನಾನಲ್ಲ ಎಂದು ತಿಳಿದುಕೋ.

ನಿನ್ನ ಪತ್ರ ಅಲ್ಲಿ ಏನು ಮಾಡಿತು ಕೇಳು. ಫೆಬ್ರವರಿ ಇಪ್ಪತ್ತೇಳರಂದು ನಾವು ಹೋದಾಗ ತೂಕದ ಗೂಡಿನ ಮುಂದೆ ಪ್ರಾಂತದಿಂದ ಬಂದ ತನಿಖೆಯವನು ನಿಂತಿದ್ದ. ಹತ್ತಿ ತುಂಬಿದ ಕಂದು ಕೋಟು, ಕೈಯಲ್ಲಿ ನಿನ್ನ ಹಾಳೆ. ಉನ್‌ಸಿಮ್‌ಳನ್ನು ಗೂಡಿನ ಹೊರಗೆ ಮಂಜಿನಲ್ಲಿ ನಿಲ್ಲಿಸಿದ್ದರು. ಅವನು ಅವಳನ್ನು, “ಐನೂರು ಟನ್ ಎಲ್ಲೋಯ್ತು?” ಎಂದು ಕೇಳಿದ. ಅವಳು, “ಸಾರ್, ನಾನು ಕಂಡದ್ದನ್ನ ಬರೆದಿದೀನಿ. ತಕ್ಕಡಿ ಇಲ್ಲೇ ಇದೆ, ನೀವೇ ತೂಗಿ ನೋಡಿ” ಎಂದಳು. ಅವನು ತಕ್ಕಡಿಯ ಕಡೆ ನೋಡಲಿಲ್ಲ. “ದೊಡ್ಡ ದೇಶದ ಕಂಪನಿ ಮೊಹರು ಹಾಕಿ ಕಳಿಸಿದೆ. ಅವ್ರಿಗೇನು ಸುಳ್ಳು ಬರೆಯೋ ದರ್ದು ಬಂದಿದೆ?” ಎಂದ. ನೋಡು, ನಿನ್ನ ಮೊಹರಿಗೆ ಅಲ್ಲಿ ಎಷ್ಟು ಬೆಲೆ. ಆಮೇಲೆ ನಮ್ಮ ಕಡೆ ತಿರುಗಿ, ಮಾಲು ಇಳಿಸಿದ ಮೇಲೆ ತೊಟ್ಟಿಯಲ್ಲಿ ಏನಾದರೂ ಉಳಿಯುತ್ತದೆಯೇ ಎಂದು ಕೇಳಿದ. ನಾವು ಹದಿನೆಂಟು ಜನ ಸಾಲಾಗಿ ನಿಂತಿದ್ದೆವು. ತೊಟ್ಟಿಯಲ್ಲಿ ಅದಿರು ಉಳಿಸಿಕೊಂಡು ಗಡಿ ದಾಟಿದವನ ಪಾಸು ರದ್ದು ಎಂದು ನಿಮ್ಮ ಕಂಪನಿಯ ನಿಯಮ, ಎಲ್ಲರ ಎದೆಜೇಬಿನಲ್ಲೂ ಅದೇ ಪಾಸು. ಹದಿನೆಂಟು ಬಾಯಿಯಿಂದಲೂ ಬಂದದ್ದು ಒಂದೇ ಉತ್ತರ, ಇಲ್ಲ ಸಾರ್. ತೊಟ್ಟಿಯ ಮೇಲೆ ಟಾರ್ಪಾಲು ಕಟ್ಟಿತ್ತು. ಬಿಚ್ಚಿ ನೋಡುವ ವ್ಯವಧಾನ ಅವನಿಗಿರಲಿಲ್ಲ, ಅವನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು.

ಮಾರನೆಯ ದಿನ ಗೂಡಿನಲ್ಲಿ ಬೇರೆ ಯಾರೋ ಕೂತಿದ್ದರು. ಅವಳು ಏರಿನ ದಾರಿಯಲ್ಲಿ ಲಾರಿಗಳಿಂದ ಚೆಲ್ಲಿದ ಪುಡಿಯನ್ನು ಸಲಿಕೆಯಲ್ಲಿ ಬಳಿಯುತ್ತಿದ್ದಳು, ಕಾವಲಿಗೆ ಒಬ್ಬ ಬೇರೆ. ನಾನು ಚಕ್ರ ನೋಡುವ ನೆಪದಲ್ಲಿ ಇಳಿದೆ. ಅವಳು ಸಲಿಕೆ ನಿಲ್ಲಿಸದೆ ಹೇಳಿದಳು: “ಡ್ರೈವರಣ್ಣ, ಊರೆಲ್ಲ ಸುತ್ತೋರು ನೀವು. ನಾನು ಐನೂರು ಟನ್ ಎಲ್ಲಿ ಬಚ್ಚಿಟ್ಟಿದೀನಿ ಅಂತ ನೀವಾದ್ರೂ ಹೇಳಿ. ನಮ್ಮನೇಲಿ ಒಂದು ಬುಟ್ಟಿ ಕಲ್ಲಿದ್ದಲಿಡೋಕೇ ಜಾಗ ಇಲ್ಲ.” ನಗಿಸಲು ಹೇಳಿದ ಮಾತೇ, ಆದರೆ ಅವಳ ತುಟಿ ಒಡೆದು ರಕ್ತ ಬಂದಿತ್ತು. ನಾನು ಚಕ್ರಕ್ಕೆ ಎರಡು ಸಲ ಒದ್ದು ಲಾರಿ ಹತ್ತಿದೆ. ಇದೇ ಹದಿನಾಲ್ಕನೇ ತಾರೀಕು, ಬುಧವಾರ, ಗಣಿಯ ಸಭಾಂಗಣದಲ್ಲಿ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ ತೀರ್ಮಾನ ಓದುತ್ತಾರಂತೆ. ದೇಶದ ಸೊತ್ತು ಕದ್ದವರಿಗೆ ಅಲ್ಲಿ ಏನು ತೀರ್ಮಾನ ಎಂದು ಈ ದಡದ ಕೂಸಿಗೂ ಗೊತ್ತು. ಅವಳೊಬ್ಬಳೇ ಹೋಗುವುದಿಲ್ಲ. ಮುದುಕಿಯನ್ನೂ ಮಗಳನ್ನೂ ಅದೇ ಲಾರಿಗೆ ಹತ್ತಿಸಿ ಬೆಟ್ಟದೊಳಕ್ಕೆ ಕಳಿಸುತ್ತಾರೆ. ಅಲ್ಲಿಂದ ಕಾಗದ ಬರುವುದಿಲ್ಲ.

ನಿನ್ನ ಫಾಂಗ್‌ಗೆ ಇದೆಲ್ಲ ಗೊತ್ತಿಲ್ಲ ಎಂದು ನನಗೆ ಹೇಳಬೇಡ. ಅವನಿಗೆ ಐನೂರು ಟನ್ ಅದಿರು ಪುಕ್ಕಟೆ ಬರುತ್ತದೆ. ಅವರು ಆಗುವುದಿಲ್ಲ ಎನ್ನುವ ಹಾಗಿಲ್ಲ, ಎಂದರೆ ಡೀಸೆಲ್ ಲಾರಿ ಮತ್ತೆ ಕೆಡುತ್ತದೆ. ಆ ಐನೂರು ಟನ್ನನ್ನು ಅಗೆಯುವವರು ಜೋಳದ ದಂಟು ಉರಿಸಿ ಮೈ ಕಾಯಿಸಿಕೊಳ್ಳುವ ಜನ. ನಿನಗೂ ಅವನು ಏನೋ ಕುರ್ಚಿ ಕೊಡುತ್ತೇನೆ ಎಂದಿದ್ದಾನೆಂದು ಅಕ್ಕ ಹೆಮ್ಮೆಯಿಂದ ಹೇಳುತ್ತಿದ್ದಳು. ಕೊಡಲಿ. ಆ ಕುರ್ಚಿ ತಿರುಗುತ್ತದೆಯಂತೆ. ಒಂದು ಸಲ ಈ ಕಡೆಗೂ ತಿರುಗಿಸಿ ನೋಡು. ನಮ್ಮಪ್ಪ, ಎಂದರೆ ನಿನ್ನ ತಾತ, ಆ ದಡದಲ್ಲಿ ಹುಟ್ಟಿದವನು. ಹನ್ನೆರಡು ವರ್ಷದವನಿದ್ದಾಗ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಈಚೆಗೆ ಬಂದ. ಅವನು ಆ ದಿನ ಚಳಿಗೆ ಹೆದರಿ ಹಿಂದಿರುಗಿದ್ದರೆ ಇವತ್ತು ಸಲಿಕೆ ನನ್ನ ಕೈಯಲ್ಲಿರುತ್ತಿತ್ತು, ನೀನು ಸಭಾಂಗಣದಲ್ಲಿ ಕೂತು ತೀರ್ಮಾನಕ್ಕೆ ಒಪ್ಪಿಗೆ ಎಂದು ಕೈ ಎತ್ತುತ್ತಿದ್ದೆ. ನಮಗೂ ಅವರಿಗೂ ಇರುವ ಅಂತರ ಅರ್ಧ ಗಂಟೆಯ ನಡಿಗೆ, ನೀನು ಅದನ್ನು ಹೊಸ ಬೂಟು ಕೊಂಡ ದಿನವೇ ಮರೆತೆ.

ಬೈದದ್ದು ಸಾಕು, ಈಗ ನನ್ನ ಲಾರಿಯ ಸಮಾಚಾರ. ತನಿಖೆ ಮುಗಿದ ಸಂಜೆಯೇ ಉಳಿದ ಹದಿನೇಳು ಜನ ಅಂಗಳದ ಹಿಂದೆ ಹೋಗಿ ಹಾರೆ ಹಿಡಿದು ತಳದನ್ನವನ್ನೆಲ್ಲ ಒಡೆದು ನದಿಗೆ ಸುರಿದರು. ನಾನು ಸುರಿಯಲಿಲ್ಲ. ಮೊದಲ ದಿನ ಸೋಮಾರಿತನದಿಂದ, ಎರಡನೇ ದಿನದಿಂದ ಬೇಕೆಂದೇ. ಗೇರುಬಾಕ್ಸ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಲಾರಿಯನ್ನು ಮನೆಗೆ ತಂದು, ನಮ್ಮ ಹೊಗೆಸೊಪ್ಪು ಒಣಗಿಸುವ ಹಳೇ ಕೊಟ್ಟಿಗೆಯ ಬಡಗಣ ನೆರಳಿನಲ್ಲಿ ನಿಲ್ಲಿಸಿದ್ದೇನೆ. ಈ ದೇಶದಲ್ಲಾಗಲಿ ಆ ದೇಶದಲ್ಲಾಗಲಿ ಉನ್‌ಸಿಮ್ ಕಳ್ಳಿಯಲ್ಲ ಎಂದು ಹೇಳಬಲ್ಲ ಸಾಕ್ಷಿ ಈಗ ಅದೊಂದೇ, ಒಂದು ಗೇಣು ದಪ್ಪದ ಕಪ್ಪು ಗಡ್ಡೆ. ಆದರೆ ಈ ಸಲ ಬಿಸಿಲು ಬೇಗ ಬಂತು. ಮೊನ್ನೆ ಮಧ್ಯಾಹ್ನ ಸೂರಿನಿಂದ ನೀರು ತೊಟ್ಟಿಕ್ಕಿತು. ನಾನು ತೊಟ್ಟಿಗೆ ಮೊದಲು ಮಂಜು ತುಂಬಿದೆ, ಮಂಜಿನ ಮೇಲೆ ಹುಲ್ಲು ಹಾಸಿದೆ, ಹುಲ್ಲು ಸಾಲದೆ ಒಳಗಿನಿಂದ ನಾಲ್ಕು ಹತ್ತಿಯ ರಜಾಯಿ ತಂದು ಹೊದಿಸಿದೆ. ನಿನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. “ಮೂವತ್ತು ವರ್ಷದಲ್ಲಿ ನಂಗೆ ಒಂದ್ಸಲ ಹೊದಿಸಿದೋನಲ್ಲ. ಲಾರಿಗೇನು ಜ್ವರ ಬಂದಿದ್ಯಾ?” ಎಂದಳು. ತಣ್ಣಗಿರಲಿ ಎಂದು ಹೊದಿಸಿದ್ದೇನೆ ಎಂದೆ. “ಸರಿ, ಬುದ್ಧೀನೂ ತಣ್ಣಗಾಗಿದೆ” ಎಂದು ಒಳಗೆ ಹೋದಳು. ಅದರಲ್ಲೊಂದು ಅವಳ ತವರಿನಿಂದ ಬಂದ ಕೆಂಪು ರೇಷ್ಮೆಯಂಚಿನ ರಜಾಯಿ ಎಂದು ಆಮೇಲೆ ಗೊತ್ತಾಯಿತು. ಉನ್‌ಸಿಮ್‌ಳ ಕಥೆಯೆಲ್ಲ ಹೇಳಿದೆ. ನಿನ್ನ ಅತ್ತೆ ಐದನೆಯದನ್ನು ತಾನೇ ಹೊತ್ತು ತಂದು ಹಾಕಿದಳು. ಊರವರು ಬೇಲಿಯ ಆಚೆ ನಿಂತು, ಲಾರಿಗೆ ಬಾಣಂತಿ ಸೇವೆ ನಡೀತಿದೆ ಎಂದು ನಗುತ್ತಾರೆ. ನಗಲಿ.

ನೀನು ಮಾಡಬೇಕಾದದ್ದು ಇಷ್ಟು. ಈ ಚಳಿಗಾಲದ ತೂಕದ ಚೀಟಿಗಳಿಂದ ಎರಡನೇ ಕಂಬಸಾಲನ್ನೆಲ್ಲ, ಎಂದರೆ ಖಾಲಿ ಲಾರಿಯ ತೂಕಗಳನ್ನು, ಪ್ರತಿ ಮಾಡಿಕೋ. ಹಿಂದಿನ ಪತ್ರದಲ್ಲಿ ಹೇಳಿದ್ದು ತಪ್ಪು, ಕೊರತೆ ಎಂಬುದೇ ಇಲ್ಲ, ತೂಗಿದವಳ ತೂಕ ಸರಿಯಾಗಿದೆ ಎಂದು ಒಂದು ಹಾಳೆ ಬರೆ. ಅದೇ ಸಹಿ, ಅದೇ ಮೊಹರು. ಮೊಹರು ನಿನ್ನ ಮೇಜಿನ ಡ್ರಾಯರಿನಲ್ಲಿರುತ್ತದೆ ಎಂದು ಹಬ್ಬದ ದಿನ ಕುಡಿದಾಗ ನೀನೇ ಕೊಚ್ಚಿಕೊಂಡಿದ್ದೆ, ಆ ಗುಣ ನಿನಗೆ ನನ್ನಿಂದ ಬಂದದ್ದು. ಫಾಂಗ್‌ನನ್ನು ಕೇಳಬೇಡ, ಕೇಳಿದರೆ ಆಗುವುದಿಲ್ಲ ಎನ್ನುತ್ತಾನೆ. ಸೋಮವಾರ ಸಂಜೆಯ ಬಸ್ಸಿಗೆ ಅದನ್ನು ಹಿಡಿದುಕೊಂಡು ಇಲ್ಲಿಗೆ ಬಾ. ಮಂಗಳವಾರ ಬೆಳಗ್ಗೆ ಗೇಟು ತೆರೆಯುತ್ತಿದ್ದಂತೆ ನಾನು ರಜಾಯಿಯ ಸಮೇತ ಲಾರಿಯನ್ನು ದಾಟಿಸಿ ಅವರ ತಕ್ಕಡಿಯ ಮೇಲೆ ನಿಲ್ಲಿಸುತ್ತೇನೆ. ರಜಾಯಿ, ಹುಲ್ಲು, ಮಂಜು ತೆಗೆದು ಖಾಲಿ ಲಾರಿಯನ್ನು ಆ ಕಂದು ಕೋಟಿನವನ ಕೈಯಿಂದಲೇ ತೂಗಿಸುತ್ತೇನೆ. ಆಮೇಲೆ ಎಲ್ಲರೆದುರು ತಳದನ್ನವನ್ನು ಹಾರೆ ಹಾಕಿ ಎಬ್ಬಿಸಿ ಇನ್ನೊಂದು ಸಲ ತೂಗಿಸುತ್ತೇನೆ. ನಿನ್ನ ಕೆಲಸ ಹೋದರೆ ಹೋಗಲಿ. ನಮ್ಮ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಆಳು ಸಿಗುತ್ತಿಲ್ಲ, ನಿನಗೆ ಕಾಲೇಜು ಓದಿದವನೆಂದು ಬಿಸಿಲಿಗೆ ಒಂದು ಟೋಪಿ ಹೆಚ್ಚಿಗೆ ಕೊಡುತ್ತೇನೆ.

ಅಕ್ಕನಿಗೆ ಈ ಕಾಗದ ತೋರಿಸಬೇಡ, ಅವಳಿಗೆ ರಕ್ತದೊತ್ತಡ. ತೋರಿಸಿದರೆ ಅವಳೇ ನಿನ್ನ ಕಿವಿ ಹಿಡಿದು ಬಸ್ಸು ಹತ್ತಿಸುತ್ತಾಳೆ ಎನ್ನುವುದೂ ನನಗೆ ಗೊತ್ತು, ಆದ್ದರಿಂದ ನಿನ್ನ ಇಷ್ಟ. ಬರುವಾಗ ಅವಳಿಗೆ ಬೆಚ್ಚಗಿನ ಕಾಲುಚೀಲ ತೆಗೆದುಕೊಟ್ಟು ಬಾ. ನಿನ್ನ ಅತ್ತೆ ಆಶೀರ್ವಾದ ತಿಳಿಸು ಎಂದಿದ್ದಾಳೆ. ನನ್ನದನ್ನು ನೀನು ಬಂದ ಮೇಲೆ ಕೊಡುತ್ತೇನೆ.

ನಿನ್ನ ಸೋದರಮಾವ,
ಮೆಂಗ್ ಚಿಲ್‌ಬೊಕ್

ಮರೆತದ್ದು: ಬಸ್ಸಿನವನು ಬಂದು ಹಾರ್ನ್ ಹಾಕುತ್ತಿದ್ದಾನೆ. ಹೊರಡುವುದು ನಾಳೆ, ಕಾಗದ ಇವತ್ತೇ ಕೊಡು ಎನ್ನುತ್ತಾನೆ. ಮೇಲೆ ಹದಿನೆಂಟು ಬಾಯಿಯಿಂದ ಒಂದೇ ಉತ್ತರ ಬಂತು ಎಂದು ಬರೆದಿದ್ದೇನೆ. ಅದು ಒಟ್ಟಿಗೆ ಬರಲಿಲ್ಲ. ಅವನು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು, ವಯಸ್ಸಿನಲ್ಲಿ ದೊಡ್ಡವನೆಂದು. ಮೊದಲು ಬಾಯಿ ಬಿಟ್ಟವನು ನಾನು. “ನಮ್ಮ ತೊಟ್ಟಿನಾ ಸಾರ್? ಊಟದ ಬಟ್ಟಲಿಗಿಂತ ಚೊಕ್ಕ, ಬೇಕಾದ್ರೆ ಅದ್ರಲ್ಲೇ ಅನ್ನ ಕಲಸ್ಕೊಂಡು ತಿನ್ನಿ” ಎಂದೆ. ಅವನು ನಕ್ಕ. ಉಳಿದವರು ಆಮೇಲೆ ತಲೆಯಾಡಿಸಿದರು. ಉನ್‌ಸಿಮ್ ನನ್ನ ಲಾರಿಯ ಹಿಂದಿನ ಚಕ್ರದ ಮೇಲಿನ, ಭಾರ ಹೊರುವ ಕಮಾನುಪಟ್ಟಿಗಳನ್ನು ನೋಡುತ್ತಿದ್ದಳು. ಖಾಲಿ ಲಾರಿಯ ಪಟ್ಟಿ ಹಾಗೆ ಬಾಗುವುದಿಲ್ಲ ಎಂದು ಹನ್ನೊಂದು ವರ್ಷ ಲಾರಿ ತೂಗಿದವಳಿಗೆ ಗೊತ್ತಾಗದೆ ಇರುತ್ತದೆಯೇ. ಒಂದು ಮಾತು ಹೇಳಿದ್ದರೆ ಬಚಾವಾಗುತ್ತಿದ್ದಳು, ನನ್ನ ಪಾಸು ಹೋಗುತ್ತಿತ್ತು. ಅವಳು ಹೇಳಲಿಲ್ಲ, ನಾನು ಹೇಳಲಿ ಎಂದು ಕಾದಳು. ಆದ್ದರಿಂದ ಆ ಹಾಳೆಯಲ್ಲಿ ಡ್ರೈವರುಗಳು ಎಂದು ಬರೆಯಬೇಡ, ನನ್ನ ಹೆಸರು ಬರೆ. ಇಪ್ಪತ್ತೇಳನೇ ತಾರೀಕು ಮೆಂಗ್ ಚಿಲ್‌ಬೊಕ್ ಹೇಳಿದ್ದು ಸುಳ್ಳು ಎಂದು ಬಿಡಿಸಿ ಬರೆ. ಮೊಹರನ್ನು ಆ ಸಾಲಿನ ಮೇಲೆಯೇ ಒತ್ತು. ನೀನು ಬರದಿದ್ದರೂ ಮಂಗಳವಾರ ನಾನು ದಾಟುತ್ತೇನೆ, ಆದರೆ ಅವರ ಮುಂದೆ ಒಂದು ಸಲ ಇಲ್ಲ ಎಂದವನು ಈಗ ಇದೆ ಎಂದರೆ ಯಾರು ನಂಬುತ್ತಾರೆ.